ಹಣ್ಣಾಗದ ಕಾಯಿಗಳು

ಕಮಲಾಪುರದ ನಮ್ಮ ಶಾಲೆಯನ್ನು ಮುಚ್ಚಿಸಿದ್ದು ಯಾರು ಎಂದು ಕೇಳಿದರೆ, ಕಲಬುರ್ಗಿಯಿಂದ ಕುದುರೆ ಏರಿ ಬಂದ ತಪಾಸಣೆಯ ಸಾಹೇಬ ಎಂದು ಊರವರು ಇವತ್ತಿಗೂ ಹೇಳುತ್ತಾರೆ. ಅವನ ಮೇಲಿನ ನನ್ನ ಸಿಟ್ಟು ಸಾಯುವ ತನಕ ಆರುವುದಿಲ್ಲ. ಆದರೂ ಆ ಮಾತು ಸುಳ್ಳು. ಮುಚ್ಚಿಸಿದವರು ನಾವು, ಹನ್ನೆರಡು ಹುಡುಗರು.

ಸರ್ಕಾರದ ಶಾಲೆ, ಕಲಿಕೆಯೆಲ್ಲ ಉರ್ದು. ನಮ್ಮ ಮನೆಮಾತು ಕನ್ನಡ. ಮೊದಲಿದ್ದ ಮಾಸ್ತರನ ಛಡಿಗೆ ಹೆದರಿ ನಾವು ಮಹಾಗಾಂವದ ದಾರಿಯ ತೊಗರಿ ಹೊಲಗಳಲ್ಲಿ ಅಡಗಿರುತ್ತಿದ್ದೆವು. ಆಮೇಲೆ ಬಂದ ಮಲಂಗಸಾಬ ಮಾಸ್ತರರು ಆ ಛಡಿಯನ್ನು ಮುರಿದು ಒಲೆಗೆ ಹಾಕಿದರು. ಶಾಲೆಯ ಕಲ್ಲುಹಾಸಿನ ಮೇಲೆ ಸುಣ್ಣದಲ್ಲಿ ಮೂರು ಚೌಕಾಬಾರ ಬರೆದು, ಒಂದೊಂದು ಮನೆಯಲ್ಲಿ ಒಂದೊಂದು ಉರ್ದು ಅಕ್ಷರ ತುಂಬಿದರು. ಕವಡೆ ಅವರದು, ಕಾಯಿಗೆ ಬಳೆಚೂರು ನಮ್ಮದು.

ಊರ ಕಟ್ಟೆಯ ಆಟದಲ್ಲಿ ಎದುರಿನವನ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಮಾಸ್ತರರು ಅದೊಂದನ್ನು ಬದಲಿಸಿದರು. ಒಳಗೆ ಹೋಗಬೇಕಾದವನು ಎದುರಿನವನಿಗೆ ಒಂದು ಅಕ್ಷರ ಕಲಿಸಬೇಕು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ತಿರುಗಿ ಹೇಳಿದರೆ ಕಲಿಸಿದವನಿಗೆ ಒಳಸುತ್ತಿನ ಬಾಗಿಲು ತೆರೆದಂತೆ.

"ಇಲ್ಲಿ ಕಡಿಯೂದಿಲ್ಲ ಬೇಟಾ, ಕಲಿಸೂದು," ಎನ್ನುತ್ತಿದ್ದರು.

ಜೋಳದ ಕೊಯ್ಲಿನಲ್ಲೂ ನಾವು ಶಾಲೆ ತಪ್ಪಿಸಲಿಲ್ಲ. ಮನೆಯವರು ಬೈದು ಎಳೆದೊಯ್ದರೆ ಹಿತ್ತಲಿನಿಂದ ಓಡಿ ಬರುತ್ತಿದ್ದೆವು. ನನಗೆ ಐನ್ ಯಾವುದು, ಗೈನ್ ಯಾವುದು ಎಂದು ಬಹಳ ದಿನ ತಿಳಿಯಲಿಲ್ಲ. ಎರಡರ ಮೈಕಟ್ಟೂ ಒಂದೇ, ಗೈನ್ ಮೇಲೆ ಮಾತ್ರ ಒಂದು ಚುಕ್ಕಿ. ಕಲಿಸಿದವನು ಗೆಳೆಯ ದೌಲಪ್ಪ.

"ದೇವ್ಯಾ, ನಿಮ್ಮವ್ವನ್ನ ನೆನಸ್ಕೊ. ಹಣಿಮ್ಯಾಲ ಕುಂಕುಮ ಇದ್ದಾಕಿ ಗೈನ್. ಇನ್ನ ಮರೆತ್ರ ನಿಮ್ಮವ್ವಗ ಹೇಳ್ತೀನಿ ನೋಡು."

ಎಲ್ಲರೂ ನಕ್ಕಿದ್ದರು. ನಾನು ಮರೆಯಲಿಲ್ಲ.

ತಪಾಸಣೆಯ ಹಿಂದಿನ ದಿನ ಮಾಸ್ತರರು ನಮ್ಮನ್ನು ಕೂಡಿಸಿ, ಮಕ್ಕಳಿಗೆ ಅಕ್ಷರ ಬಾರದಿದ್ದರೆ ಶಾಲೆ ಇರುವುದಿಲ್ಲವೆಂದು ಹುಕುಂ ಬಂದಿದೆ, ದಿನಾ ಆಡಿದಂತೆ ಆಡಿ ತೋರಿಸಿದರೆ ಸಾಕು ಎಂದರು.

ಸಾಹೇಬನಿಗೆ ಚೌಕಾಬಾರ ನೋಡಿ ಖುಷಿಯೇ ಆಯಿತು. ಖುಷಿಯಲ್ಲೇ ಹಾಳು ಮಾಡಿದ. ಯಾರ ಕಾಯಿ ಮೊದಲು ನಡುಮನೆಗೆ ಹೋಗಿ ಹಣ್ಣಾಗುತ್ತದೋ ಅವನೊಬ್ಬನನ್ನು ಕಲಬುರ್ಗಿಯ ದೊಡ್ಡ ಶಾಲೆಗೆ ಕಳಿಸುತ್ತೇನೆ, ಊಟ ವಸತಿ ಎಲ್ಲ ಪುಕ್ಕಟೆ ಎಂದ. ಇದು ಇನಾಮಿನ ಆಟವಲ್ಲ ಹುಜೂರ್ ಎಂದು ಮಾಸ್ತರರು ಮೆಲ್ಲಗೆ ಹೇಳಿದರು. ಇನಾಮಿಲ್ಲದೆ ಯಾವ ಹುಡುಗ ಓದುತ್ತಾನೆ ಎಂದು ಅವನು ನಕ್ಕ.

ಕವಡೆ ಬಿದ್ದವು. ಕಾಯಿಗಳು ಹೊರಸುತ್ತು ಮುಗಿಸಿ ಬಾಗಿಲಿಗೆ ಬಂದು ನಿಂತವು. ಕಲಿಸುವವರು ಕಲಿಸಿದರು. ತಿರುಗಿ ಹೇಳಬೇಕಾದವರು ಹೇಳಲಿಲ್ಲ. ಹೇಳಿದರೆ ಕಲಿಸಿದವನು ಒಳಗೆ ಹೋಗುತ್ತಾನೆ, ಕಲಬುರ್ಗಿಗೂ ಹೋಗುತ್ತಾನೆ. ಮೂರು ಚೌಕಾಬಾರದಲ್ಲೂ ಅದೇ ಕಥೆ. ನನಗೆ ಖಂಡಿತ ಬರುವ ಅಕ್ಷರವನ್ನೇ ಹುಡುಕಿ ದೌಲಪ್ಪ ಬೆರಳಿಟ್ಟ.

"ಇದು ಗೈನ್. ಹೇಳು ದೇವ್ಯಾ. ಕುಂಕುಮ ಇದ್ದಾಕಿ ಯಾರು?"

ನಾನು ನೆಲ ನೋಡಿದೆ. ಅವನು ಇನ್ನೊಮ್ಮೆ ಕೇಳಿದ. ಆಮೇಲೆ ಕೇಳಲಿಲ್ಲ. ನನ್ನ ಸರದಿ ಬಂದಾಗ ಅವನೂ ಬಾಯಿ ಬಿಡಲಿಲ್ಲ.

ಹೇಳ್ರಪ್ಪಾ, ಹೇಳ್ರಿ ಎಂದು ಮಾಸ್ತರರು ಒಬ್ಬೊಬ್ಬರ ಮುಂದೆಯೂ ಕೂತು ಎದ್ದರು. ಅವರ ಬಿಳಿ ಪೈಜಾಮದ ಮೊಣಕಾಲಿಗೆಲ್ಲ ಸುಣ್ಣ. ಸಾಹೇಬ ಗಡಿಯಾರ ನೋಡಿ ಕಾಗದದಲ್ಲಿ ಏನೋ ಗೀಚಿ ಕುದುರೆ ಏರಿದ. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿತ್ತು.

ಈಗ ನಾನು ಕಲಬುರ್ಗಿಯಲ್ಲೇ ಇದ್ದೇನೆ, ಮೂಟೆ ಹೊರುತ್ತೇನೆ. ಹೋದ ಉರುಸಿನ ಜಾತ್ರೆಯಲ್ಲಿ ದರ್ಗಾದ ಸುತ್ತಲಿನ ರೋಜಾ ಓಣಿಯ ಅಂಗಡಿಗೆ ಸಕ್ಕರೆ ಮೂಟೆ ಹೊತ್ತು ಹೋದಾಗ, ದರ್ಗಾದ ಗೋಡೆಗೆ ಒರಗಿ ಯಾತ್ರಿಕರಿಗೆ ಕಾಗದ ಬರೆದುಕೊಡುತ್ತಿದ್ದ ಮುದುಕರೊಬ್ಬರು ಕಂಡರು. ಮೂಟೆ ಇಳಿಸಿ ಎದುರಿಗೆ ಕೂತೆ. ಅವರ ಬರಹದ ನಡುವೆ ಚುಕ್ಕಿಯಿದ್ದ ಒಂದು ಅಕ್ಷರದ ಮೇಲೆ ಬೆರಳಿಟ್ಟೆ.

"ಗೈನ್ ರೀ, ಮಾಸ್ತರ."

ಅವರು ಲೇಖನಿ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ ನನ್ನ ಗುರುತು ಹಿಡಿದರು.

"ಗೊತ್ತಿತ್ತು ಬೇಟಾ, ನಿಮಗೆಲ್ಲಾ ಬರ್ತಿತ್ತಂತ. ನನಗ್ಯಾಕ ಹೇಳ್ತಿ? ದೌಲಪ್ಪಗ ಹೇಳು. ಹ್ಯಾಂಗಿದ್ದಾನ ಅಂವಾ?"

ದೌಲಪ್ಪ ಊರಿಗೆ ದೊಡ್ಡ ಜ್ವರ ಬಂದ ವರ್ಷವೇ ತೀರಿಕೊಂಡಿದ್ದ. ಅವರು ಉತ್ತರಕ್ಕೆ ಕಾಯುತ್ತಿದ್ದರು. ನಾನು ನೆಲ ನೋಡಿದೆ.