ಟೈಲರ್ ಎದ್ದು ನಿಂತ ಬಗೆ

ಗಾದೆಯಿಂದ ಶುರು ಮಾಡೋಣವೆಂದರೆ ನನ್ನ ಬಾಯಿಗೆ ಬಿದ್ದ ಗಾದೆಗೂ ಸೊಂಟ ಮುರಿಯುತ್ತದೆ. ಬೇಡ, ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಮುಗಿಸಿ ಮನೆಗೆ ಬಂದ ವಾರದಲ್ಲೇ ಟೈಲರ್ ಅಪ್ಪ ಅವಳನ್ನು ವಾಕರ್ ಸಮೇತ ಒಲೆ ಮುಂದೆ ನಿಲ್ಲಿಸಿದ. "ಹೆಂಗಸರ ಮೂಳೆ ಕೆಲಸ ಮಾಡಿದ್ರೇನೇ ಕೂಡೋದು ಕಣೆ" ಎಂದು ಡಾಕ್ಟರ್‌ಗಿರಿ ಬೇರೆ. ಅವಳು ಹಲ್ಲು ಕಚ್ಚಿ ನಿಂತಳು. ಕಚ್ಚಿದ ಹಲ್ಲನ್ನು ಮತ್ತೆ ಬಿಡಲೇ ಇಲ್ಲ.

ಈ ವರ್ಷ ಅಂಗಡಿ ಮೆಟ್ಟಿಲಲ್ಲಿ ಅಪ್ಪನ ಸರದಿ. ಅದೇ ಮೂಳೆ, ಅದೇ ವಾಕರ್. ಅಪ್ಪ ಮಾತ್ರ ಮಂಚ ಬಿಡಲಿಲ್ಲ. "ಗಂಡಸಿನ ಮೂಳೆ. ರೆಸ್ಟ್ ಬೇಕು."

ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಮೇಡಂ ಅಮ್ಮನನ್ನು ಪಕ್ಕಕ್ಕೆ ಕರೆದರು. "ಹೆಂಗಸ್ರು ಗೊಣಗ್ತಾ ಗೊಣಗ್ತಾ ನಡೀತಾರೆ ಆಂಟಿ. ಇವರ ಥರ ಗಂಡಸ್ರು ಮಲಗಿದಲ್ಲೇ ಹೋಗಿಬಿಡ್ತಾರೆ. ಎದೇಲಿ ಕಫ ಕಟ್ಟಿದ್ರೆ ಕಷ್ಟ."

"ಅಷ್ಟು ಸುಲಭವಾಗಿ ಬಿಡ್ತೀನಾ?" ಅಂದಳು ಅಮ್ಮ. "ನಾನು ನಿಂತು ಅತ್ತಷ್ಟು ಅವರೂ ನಿಂತು ಅಳ್ಬೇಕು. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗ್ಲಿ."

ಮಂಚದಿಂದ ನೋಡಿದರೆ ಬಾಗಿಲಾಚೆ ಅಂಗಡಿಯ ಕಟಿಂಗ್ ಟೇಬಲ್ ಕಾಣುತ್ತದೆ. ಮರುದಿನ ಮೇಡಂ ಬಂದ ಹೊತ್ತಿಗೇ ಅಮ್ಮ ಅದರ ಮೇಲೆ ಕಪ್ಪು ಬಟ್ಟೆ ಹರಡಿ, "ವಕೀಲರ ಸೂಟು ನಾನೇ ಕತ್ತರಿಸ್ತೀನಿ" ಎಂದಳು. ಹರಡಿದ್ದು ಅಡ್ಡಡ್ಡ. ನೂಲಿನ ಎಳೆಯ ನೇರಕ್ಕೆ ಕತ್ತರಿಸದ ಪ್ಯಾಂಟು ಕಾಲಿಗೆ ತಿರುಚಿಕೊಳ್ಳುತ್ತದೆ. ಈ ಒಂದು ತಪ್ಪಿಗೆ ಅಪ್ಪ ಕೆಲಸಗಾರರನ್ನೇ ಓಡಿಸಿದ್ದ.

"ಏಯ್, ಬಟ್ಟೆ ತಿರುಗಿಸೇ."

ಅಮ್ಮ ಸೀಮೆಸುಣ್ಣದಲ್ಲಿ ಗೀಟೆಳೆದು, ಅಪ್ಪನದೇ ಮೂಗಿನ ದನಿ ತೆಗೆದಳು: "ಗಂಡಸಿನ ಬಟ್ಟೆ. ಹೇಗೆ ಕತ್ತರಿಸಿದ್ರೂ ಕೂಡುತ್ತೆ."

"ವಕೀಲ್ರು ನನ್ನನ್ನ ಕೋರ್ಟಿಗೆ ಎಳೀತಾರೆ ಕಣೆ."

"ಎಳೀಲಿ. ಹಾಗಾದ್ರೂ ಮಂಚ ಬಿಡ್ತೀರಿ."

ಕರ್ರೆಂದು ಕತ್ತರಿ ನಡೆಯಿತು. ಮಂಚ ಕಿರುಗುಟ್ಟಿತು. ವಾಕರ್ ಟಕ್ ಎಂದಿತು, ಮತ್ತೆ ಟಕ್. ಹಿಂದಿನಿಂದ ಮೇಡಂ ಕೈಚಾಚಿಕೊಂಡು ಬರುತ್ತಿದ್ದರೆ, ಅಪ್ಪ ಬೆವರುತ್ತ, ಬೈಯುತ್ತ, ಕಣ್ಣೀರು ಸುರಿಸುತ್ತ ಟೇಬಲ್ ಮುಟ್ಟಿದ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿದ. ಸೂಟಿನದಲ್ಲ, ಟ್ರಯಲ್ ರೂಮಿನ ಪರದೆ.

"ನೋವಾಗ್ತಿದ್ಯಾ?" ಅಮ್ಮ ಕೇಳಿದಳು.

"ಜೀವ ಹೋಗ್ತಿದೆ."

"ಹಾಗೇ ನಿಂತಿರಿ. ನನಗೂ ಹೀಗೇ ಹೋಗ್ತಿತ್ತು."

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಪರದೆಯಿಲ್ಲದ ಟ್ರಯಲ್ ರೂಮನ್ನು ನೋಡಿದ. "ಇನ್ಮೇಲೆ ವಕೀಲ್ರು ಎಲ್ಲರೆದುರಿಗೇ ಪ್ಯಾಂಟು ಬಿಚ್ಚಬೇಕಲ್ಲೇ..." ಎನ್ನುತ್ತಲೇ ಅವನಿಗೆ ನಗು ಒತ್ತರಿಸಿ ಬಂತು. ಮೇಡಮ್ಮೂ ನಕ್ಕರು, ನಾನೂ ನಕ್ಕೆ. ಅಪ್ಪ ಕುರ್ಚಿಗಾಗಿ ಕೈಚಾಚಿದ. ಅಮ್ಮ ಅದನ್ನು ಕಾಲಿನಿಂದ ಇನ್ನೂ ಆಚೆಗೆ ತಳ್ಳಿದಳು. ಅಪ್ಪ ವಾಕರ್ ಅಲುಗಾಡುವ ಹಾಗೆ ಇನ್ನೂ ಜೋರಾಗಿ ನಕ್ಕ.