ನೇರಳೆ ಬಣ್ಣದ ಕಾಂಡ

ಬಲಗಣ್ಣಿನ ಪೊರೆ ತೆಗೆಸಿ, ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದಾಗ ನಾನು ಮೊದಲು ನೋಡಿದ್ದು ನಾವಿಬ್ಬರೂ ಸೇರಿ ಬಟ್ಟೆಯಲ್ಲಿ ಹೊಲಿದ ಮರವನ್ನು. ಊಟದ ಮೇಜಿನ ತುಂಬ ಹಾಸಿತ್ತು. ಅದರ ಕಾಂಡ ನೇರಳೆ ಬಣ್ಣದ್ದಾಗಿತ್ತು.

ನಾವಿಬ್ಬರು ಎಂದರೆ ನಾನು ಮತ್ತು ನನ್ನ ವಾರಗಿತ್ತಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು, ಅವರಿಬ್ಬರೂ ಹೋದ ಮೇಲೂ ಒಂದೇ ಮನೆಯಲ್ಲಿ ಉಳಿದವರು. ಬಡಾವಣೆಯ ಗ್ರಂಥಾಲಯದಲ್ಲಿ ಮಕ್ಕಳಿಗೆಂದು ಹೊಸ ಕೋಣೆ ಮಾಡುತ್ತಿದ್ದರು. ಅದರ ಗೋಡೆಗೆ ಬಟ್ಟೆಯ ಒಂದು ದೊಡ್ಡ ಚಿತ್ರ ಬೇಕೆಂದು ಗ್ರಂಥಪಾಲಕಿ ಕೇಳಿದಾಗ ಹೂಂ ಅಂದವಳು ನಾನು. ನಮ್ಮ ಪದ್ಧತಿ ಹಳೆಯದು. ಬಣ್ಣ ಆರಿಸಿ, ಕತ್ತರಿಸಿ, ಗುಂಡುಪಿನ್ನು ಚುಚ್ಚಿಡುವುದು ನನ್ನ ಕೆಲಸ, ಮಿಷನ್ನಿನಲ್ಲಿ ಹೊಲಿಯುವುದು ಅವಳ ಕೆಲಸ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ನಾವು ಬಾಳಿದ್ದೂ ಹೀಗೆಯೇ.

ನಾನು ಕಂದು ಕಾಂಡ, ಹಸಿರು ಎಲೆ, ಬಿಳಿ ಹಕ್ಕಿ ಎಂದುಕೊಂಡು ಚುಚ್ಚಿಟ್ಟಿದ್ದೆ. ಹೊಸ ಕಣ್ಣಿಗೆ ಕಂಡದ್ದು ನೇರಳೆ ಕಾಂಡ, ನೀಲಿ ಎಲೆ, ಹಳದಿ ಹಕ್ಕಿ. ಬಲಗಣ್ಣನ್ನು ಅಂಗೈಯಿಂದ ಮರೆಮಾಡಿ ಎಡಗಣ್ಣಿನಲ್ಲಿ ನೋಡಿದೆ. ಅದರಲ್ಲಿ ಇನ್ನೂ ಪೊರೆ ಇತ್ತು. ನನ್ನ ಮರ ಮರಳಿ ಬಂತು, ತಣ್ಣಗೆ, ಕಂದಾಗಿ. ಕೈ ಬದಲಿಸಿದೆ, ಮತ್ತೆ ನೇರಳೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಎಷ್ಟು ಜನರ ಮೇಲೆ ಪ್ರಯೋಗಿಸಿದ್ದೇನೋ. ಈಗ ಅದು ನನ್ನ ಮನೆಯ ಬಾಗಿಲಿಗೇ ಬಂದಿತ್ತು.

“ಇದು ನೇರಳೆ ಅಂತ ನೀನು ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

ವಾರಗಿತ್ತಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ. “ನೀವು ಕಾಲೇಜು ಓದಿದವರು ಅಕ್ಕ. ಈಗಿನವರ ಚಿತ್ರದ ಹಾಗೆ ಬೇಕಂತಲೇ ಹಾಕ್ತಿದ್ದೀರಿ ಅಂದ್ಕೊಂಡೆ. ಆ ಬಣ್ಣಕ್ಕೆ ಹೊಂದೋ ದಾರಕ್ಕೆ ಎಷ್ಟು ಅಂಗಡಿ ಅಲೆದೆ ಅಂತ ನಂಗೇ ಗೊತ್ತು.”

ಅವಳು ನಿಜ ಹೇಳುತ್ತಿದ್ದಳೋ, ನನ್ನ ಮರ್ಯಾದೆ ಉಳಿಸುತ್ತಿದ್ದಳೋ ತಿಳಿಯಲಿಲ್ಲ. ಶನಿವಾರ ಗ್ರಂಥಪಾಲಕಿ ಚಿತ್ರ ಒಯ್ಯಲು ಬರುವವಳಿದ್ದಳು. ಅಷ್ಟರಲ್ಲಿ ಎಲ್ಲ ಬಿಚ್ಚಿ ಸರಿಮಾಡಬೇಕು ಎಂದೆ. ಕಣ್ಣು ಕಾಣದ ಮುದುಕಿಯ ಎಡವಟ್ಟನ್ನು ಮಕ್ಕಳು ಚಿತ್ರವೆಂದು ನೋಡುವುದು ಬೇಡ. ಅವಳು ದಾರದ ತುದಿಗೆ ಗಂಟು ಹಾಕಿದಳು.

ಗುರುವಾರ ಕಣ್ಣು ತೋರಿಸಿಕೊಂಡು ಆಸ್ಪತ್ರೆಯಿಂದ ಹೊರಬಂದೆವು. ಎದುರಿನ ಸಭಾಂಗಣದಲ್ಲಿ ಹೊಸ ಕಲಾವಿದರ ಚಿತ್ರಪ್ರದರ್ಶನವಿತ್ತು. ಬಸ್ಸಿಗೆ ಹೊತ್ತಿದೆ, ಒಳಗೆ ಫ್ಯಾನಾದರೂ ಇರುತ್ತದೆ ಎಂದು ವಾರಗಿತ್ತಿ ನನ್ನನ್ನು ಎಳೆದುಕೊಂಡು ಹೋದಳು. ಬಸ್ಸುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.

ಒಳಗೆ ಕಾಲಿಟ್ಟರೆ ತಲೆಬುಡ ತಿಳಿಯಲಿಲ್ಲ. ಒಂದು ಚಿತ್ರದಲ್ಲಿ ಒಬ್ಬ ಮುದುಕ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾನೆ, ಮುಖ ಎಳೆ ಹುಲ್ಲಿನ ಹಸಿರು. ಇನ್ನೊಂದರಲ್ಲಿ ಕಿತ್ತಳೆ ಬಣ್ಣದ ಅಡುಗೆಮನೆ, ಒಲೆಯ ಬೆಂಕಿ ಮಾತ್ರ ನೀಲಿ. ಎಲ್ಲ ಚಿತ್ರಗಳೂ ದನಿಯೆತ್ತಿ ಮಾತಾಡುತ್ತಿದ್ದಂತಿತ್ತು, ಯಾರ ಮಾತು ಕೇಳಬೇಕೋ ಗೊತ್ತಾಗದು. ಆದರೂ ಹಸಿರು ಮುದುಕನ ಮುಂದೆ ಬಹಳ ಹೊತ್ತು ನಿಂತೆ. ಕೊನೆಯ ಗುಂಡಿಗೆ ಬೆರಳು ಬಗ್ಗದ ಆ ಕಷ್ಟ ನನಗೆ ಗೊತ್ತಿದ್ದದ್ದೇ. ನನ್ನ ಕಪ್ಪು ಕನ್ನಡಕ ನೋಡಿದ ಕಾವಲುಗಾರ ತನ್ನ ಕುರ್ಚಿಯನ್ನೇ ತಂದಿಟ್ಟ. ನಾನು ಮುಂದಿನ ಚಿತ್ರಕ್ಕೆ ಹೋದರೆ ಅವನೂ ಕುರ್ಚಿ ಹೊತ್ತು ಬರುತ್ತಿದ್ದ, ಅದೂ ತನ್ನ ಕೆಲಸವೇ ಎಂಬಂತೆ.

ಮುಂದಿನದು ಗುಲಾಬಿ ಬಣ್ಣದ ರಸ್ತೆ. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ ನೋಡಿದೆ, ಆಮೇಲೆ ಇನ್ನೊಂದು.

“ಅಜ್ಜಿ, ನನ್ನ ಚಿತ್ರಕ್ಕೆ ಕಣ್ಣು ಹೊಡೀತಿದ್ದೀರಾ?”

ಉಗುರಿನ ಸಂದಿಯಲ್ಲಿ ಬಣ್ಣ ಮೆತ್ತಿದ್ದ ಹುಡುಗಿ ನಗುತ್ತಿದ್ದಳು. ನನ್ನ ಎರಡು ಕಣ್ಣುಗಳ ಜಗಳವನ್ನು ಹೇಳಿದೆ. ಅವಳು ಪಕ್ಕದಲ್ಲೇ ನೆಲದ ಮೇಲೆ ಕುಳಿತು, ಪೊರೆಯಿರುವ ಕಣ್ಣಿಗೆ ರಸ್ತೆ ಯಾವ ಬಣ್ಣ ಎಂದು ಕೇಳಿದಳು. ಮಣ್ಣಿನ ಬಣ್ಣ ಎಂದೆ.

“ನಾನು ಮೊದಲು ಹಚ್ಚಿದ್ದು ಅದೇ,” ಎಂದಳು. “ಯಾರೂ ನಡೆಯೋ ಹಾಗೆ ಕಾಣಲಿಲ್ಲ. ಅದಕ್ಕೆ ಮೇಲೆ ಗುಲಾಬಿ ಬಳಿದೆ.”

ನನ್ನ ಕುರ್ಚಿಯ ಹಿಂದೆ ನಿಂತು ಕೇಳುತ್ತಿದ್ದ ವಾರಗಿತ್ತಿ ತಲೆಯಾಡಿಸಿದಳು. ನನ್ನ ಗೊಂದಲ ಮಾತ್ರ ಇನ್ನಷ್ಟಾಯಿತು. ಹುಡುಗಿ ತಿಳಿದೇ ಬದಲಿಸಿದವಳು, ನಾನು ತಿಳಿಯದೆ ಬದಲಿಸಿದವಳು. ಮರದ ಕಥೆಯನ್ನೆಲ್ಲ ಹೇಳಿ, “ಕಾಣದೆ ಹಾಕಿದ ಬಣ್ಣ ನನ್ನದು ಆಗುತ್ತಾ?” ಎಂದು ಕೇಳಿದೆ.

ಹುಡುಗಿ ಯೋಚಿಸಿದಳು. “ಗೊತ್ತಿಲ್ಲ ಅಜ್ಜಿ. ನಂದೂ ಎಷ್ಟೋ ಸಲ ಕೈತಪ್ಪೇ. ಮಾರನೇ ದಿನ ಬಂದು ನೋಡ್ತೀನಿ. ಇರಲಿ ಅನ್ನಿಸಿದ್ರೆ ಇಟ್ಕೋತೀನಿ.”

ಬಸ್ಸಿನಲ್ಲಿ ವಾರಗಿತ್ತಿ ಕಿಟಕಿಯ ಕಡೆಯ ಸೀಟನ್ನು ನನಗೆ ಬಿಟ್ಟಳು. ಯಾವಾಗಲೂ ಅದಕ್ಕೆ ನಮ್ಮಲ್ಲಿ ಪೈಪೋಟಿ. ದಾರಿಯುದ್ದಕ್ಕೂ ಅಂಗಡಿಯ ಬಾಗಿಲು, ಒಣಹಾಕಿದ ಬಟ್ಟೆ, ಯಾರದೋ ಕೊಡೆ, ಎಲ್ಲವೂ ಈಗಷ್ಟೇ ಬಳಿದಂತೆ ಕಂಡವು. ನನಗೆ ಕತ್ತರಿ ಹಿಡಿಯಬೇಕೆನ್ನಿಸಿತು. ಹಳೆಯದನ್ನು ಬಿಚ್ಚುವುದಕ್ಕೋ ಹೊಸದನ್ನು ಕತ್ತರಿಸುವುದಕ್ಕೋ ಮಾತ್ರ ಹೊಳೆಯಲಿಲ್ಲ.

ಮನೆಗೆ ಬಂದು ಮೇಜಿನ ಮುಂದೆ ಕುಳಿತು ಒಂದು ಎಲೆಯ ಹೊಲಿಗೆ ಬಿಚ್ಚತೊಡಗಿದೆ. ವಾರಗಿತ್ತಿ ಒಳಗೆ ಹೋಗಿ ಒಂದು ಗಂಟು ತಂದಿಟ್ಟಳು. ಬಿಚ್ಚಿದರೆ ಕಂದು ಬಟ್ಟೆಯ ಕಾಂಡ, ಹಸಿರು ಎಲೆಗಳು, ಬಿಳಿ ಹಕ್ಕಿಗಳು. ಎಲ್ಲವನ್ನೂ ನನ್ನ ಅಳತೆಗೇ ಕತ್ತರಿಸಿದ್ದಳು.

“ಹಾಗಾದರೆ ನಿನಗೆ ಗೊತ್ತಿತ್ತು,” ಎಂದೆ.

“ಗೊತ್ತಿತ್ತೋ ಇಲ್ಲವೋ ನನಗೇ ಗೊತ್ತಿಲ್ಲ ಅಕ್ಕ. ಒಂದು ದಿನ ಪಾಪ, ಕಾಣ್ತಿಲ್ಲ ಅನ್ನಿಸೋದು. ಇನ್ನೊಂದು ದಿನ ಎಷ್ಟು ಚೆನ್ನಾಗಿದೆ, ನಂಗಿದು ಹೊಳೀತಿರಲಿಲ್ಲ ಅನ್ನಿಸೋದು. ಬೇಕಾದ್ರೆ ಇರಲಿ ಅಂತ ಕತ್ತರಿಸಿಟ್ಟೆ.”

ಅವಳು ಕತ್ತರಿಸಿದ್ದನ್ನು ನನ್ನದರ ಮೇಲೆ ಒಂದೊಂದಾಗಿ ಜೋಡಿಸಿದೆ. ಮರ ಸರಿಯಾಯಿತು. ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿರುವ ಮರ. ಹಳೆಯ ಕಣ್ಣಿನಲ್ಲಿ ನಾನು ಕಂಡಿದ್ದೂ ಇದನ್ನೇ. ಆಗ ನನಗೆ ಬಹಳ ಹಿಡಿಸಿತ್ತು, ಈಗ ಯಾಕೋ ಅದರ ಕೊಂಬೆಗೆ ಹಕ್ಕಿ ಬಂದು ಕೂರುವಂತೆ ತೋರಲಿಲ್ಲ. ತೆಗೆದೆ. ನೇರಳೆ ಕಾಂಡ ಕಂಡಿತು. ಸರಿಯೆಂದಲ್ಲ, ಆದರೆ ಇರಲಿ ಅನ್ನಿಸಿತು. ಬಿಚ್ಚಿದ ಎಲೆಗೆ ಮತ್ತೆ ಗುಂಡುಪಿನ್ನು ಚುಚ್ಚಿದೆ.

ಆದರೆ ತಿಳಿದು ಹಾಕಿದ್ದು ಅದರಲ್ಲಿ ಒಂದಾದರೂ ಬೇಕಲ್ಲ. ಮರದ ಕೆಳಗೆ ನೆರಳೇ ಇರಲಿಲ್ಲ.

“ನೆರಳಿಗೆ ಯಾವ ಬಣ್ಣ ಹಾಕೋಣ?” ಎಂದು ಕೇಳಿದೆ. ಬಣ್ಣದ ವಿಷಯದಲ್ಲಿ ಅವಳನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ತುಂಡುಬಟ್ಟೆಯ ಡಬ್ಬಿಯ ತಳದಿಂದ ಕಿತ್ತಳೆ ಬಣ್ಣದ ಒಂದು ತುಂಡನ್ನು ಎಳೆದಳು. ಅದನ್ನು ಮಡಿಸಿಟ್ಟಿದ್ದ ರೀತಿ ನೋಡಿದರೆ ಬಹಳ ದಿನದಿಂದ ಕಾಯ್ದಿರಿಸಿದಂತಿತ್ತು. ಎರಡೂ ಕಣ್ಣು ತೆರೆದು ನೋಡಿ, ಕತ್ತರಿಸಿದೆ. ಅವಳು ಹೊಲಿದಳು.

ಶನಿವಾರ ಗ್ರಂಥಪಾಲಕಿ ಬಂದು ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ನೇರಳೆ ಕಾಂಡ, ನೀಲಿ ಎಲೆ, ಹಳದಿ ಹಕ್ಕಿ ಎಲ್ಲ ನೋಡಿ ಚೆನ್ನಾಗಿದೆ ಎಂದಳು. ನನ್ನ ಎದೆ ಹಗುರಾಯಿತು. ಆಮೇಲೆ ಹುಬ್ಬು ಗಂಟಿಕ್ಕಿದಳು.

“ಅಮ್ಮ, ಇಷ್ಟೆಲ್ಲ ಸರಿ. ಈ ನೆರಳು ಮಾತ್ರ ಯಾಕೆ ಕಿತ್ತಳೆ?”

ವಾರಗಿತ್ತಿ ಮಿಷನ್ನಿಗೆ ಮುಸುಕು ಹಾಕುತ್ತ ಹೇಳಿದಳು:

“ಬೂದು ಹಾಕಿದ್ರೆ ಯಾರೂ ಬಂದು ಕೂರೋ ಹಾಗೆ ಕಾಣ್ತಿರಲಿಲ್ಲಮ್ಮ.”