ಕರೆದರೂ ತಿರುಗದ ಮಗು

"ಅಕ್ಷಯಾ... ಅಕ್ಷಮ್ಮಾ... ಇಲ್ಲಿ ನೋಡಮ್ಮ!"

ಜ್ಯೋತಿಲಕ್ಷ್ಮಿ ಕರೆದು ಕರೆದು ಸೋತಳು. ಮೂರು ವರ್ಷದ ಮಗಳು ತಿರುಗಲಿಲ್ಲ. ಮೂಲೆಯಲ್ಲಿ ಕುಳಿತು ರೇಷ್ಮೆಗೂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಯಾರಾದರೂ ಒಂದು ಗೂಡು ಸರಿಸಿದರೆ ಬೀದಿಗೆಲ್ಲ ಕೇಳುವಂತೆ ಅಳು. ಕಿವುಡೋ ಎಂದರೆ, ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೂ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ವರ್ಷ ತುಂಬಿದಾಗ "ಅಮ್ಮ" ಅನ್ನುತ್ತಿದ್ದವಳು ಈಗ ಆ ಮಾತನ್ನೂ ಬಿಟ್ಟಿದ್ದಳು.

ಮಂಡಿಕಲ್ ಹತ್ತಿರದ ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಮಾತು. "ಮೊಬೈಲ್ ಕೊಟ್ಟು ಕೆಡಿಸಿದಳು" ಎಂದರು. "ತಾಯಿಗೆ ಸಾಕೋಕೆ ಬರಲ್ಲ" ಎಂದರು. ಮಗು ಸರಿಯಾಗಿ ಮಲಗದೆ ಜ್ಯೋತಿಗೂ ನಿದ್ದೆಯಿಲ್ಲ. ಬೆಳಗಾದರೆ ರೇಷ್ಮೆಹುಳುವಿಗೆ ಸೊಪ್ಪು ಹಾಕಬೇಕು. ಗಂಡ ಮುನೇಶ್ ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಜನರಿಗೆ ಉತ್ತರ ಹೇಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಒಂದು ದಿನ ಅತ್ತೆ ಲಕ್ಷ್ಮೀನರಸಮ್ಮ ಹೇಳಿದರು: "ಇದು ಬಾಲಗ್ರಹ ಕಣೇ. ಗಡಿಯಾಚೆ ಒಬ್ಬರು ಬರೆ ಹಾಕ್ತಾರಂತೆ. ಹೊಟ್ಟೆ ಮೇಲೆ ಒಂದು ಬರೆ ಬಿದ್ರೆ ಮಾತು ತಾನೇ ಬರುತ್ತೆ. ಶುಕ್ರವಾರ ಹೋಗಣ."

"ಕಾದ ಕಬ್ಬಿಣ ನನ್ನ ಮಗೂಗೆ ಮುಟ್ಟಿಸೋಕೆ ಬಿಡಲ್ಲ ಅತ್ತೆ."

"ಮತ್ತೆ ಹಿಂಗೇ ಬಿಟ್ಟುಬಿಡ್ತೀಯಾ?"

ಜ್ಯೋತಿ ಮಗಳನ್ನು ಎತ್ತಿಕೊಂಡು ಸೀದಾ ಅಂಗನವಾಡಿಗೆ ನಡೆದಳು.

ಅಲ್ಲಿನ ಟೀಚರ್ ಪವಿತ್ರ ಕೇಳಿದಳು: "ಮುಖ ನೋಡಿ ನಗ್ತಾಳಾ ಅಕ್ಕ? ಏನಾದ್ರೂ ಬೇಕಂದ್ರೆ ಬೆರಳು ಮಾಡಿ ತೋರಿಸ್ತಾಳಾ? ಬೇರೆ ಮಕ್ಕಳ ಜೊತೆ ಆಡ್ತಾಳಾ?"

"ಒಂದೂ ಇಲ್ಲಮ್ಮ."

"ಆಟಿಸಂ ಇರಬಹುದು ಅಕ್ಕ. ನಾನು ಡಾಕ್ಟರಲ್ಲ, ಖಚಿತವಾಗಿ ಹೇಳೋಕಾಗಲ್ಲ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೇಲಿ ತೋರಿಸಣ. ನಾನೂ ಬರ್ತೀನಿ."

ಲಕ್ಷ್ಮೀನರಸಮ್ಮನೂ ಗೊಣಗುತ್ತಲೇ ಬಸ್ಸು ಹತ್ತಿದರು. "ಸೂಜಿ ಚುಚ್ಚಿದ್ರೆ ಮಾತು ಬರುತ್ತೇನಮ್ಮ?"

ಆಸ್ಪತ್ರೆಯಲ್ಲಿ ಯಾರೂ ಸೂಜಿ ಚುಚ್ಚಲಿಲ್ಲ. ಮಗುವಿನ ಕಿವಿ ಪರೀಕ್ಷಿಸಿದರು. ಆಮೇಲೆ ಡಾಕ್ಟರಮ್ಮ ನೆಲದ ಮೇಲೆ ಕುಳಿತು ಅಕ್ಷಯಾಳ ಜೊತೆ ಬಹಳ ಹೊತ್ತು ಆಡಿದರು, ಮನೆಯವರನ್ನು ಒಂದೊಂದೇ ವಿಷಯ ವಿಚಾರಿಸಿದರು.

"ಇದು ಆಟಿಸಂ. ಮಿದುಳು ಬೆಳೆಯೋ ರೀತೀನೇ ಬೇರೆ. ಗ್ರಹ ಅಲ್ಲ, ದೃಷ್ಟಿ ಅಲ್ಲ. ತಾಯಿ ಸಾಕಿದ್ದರಲ್ಲಿ ಏನೂ ತಪ್ಪಿಲ್ಲ."

ಅಷ್ಟು ದಿನ ತಡೆದುಕೊಂಡಿದ್ದ ಜ್ಯೋತಿ, ಆ ಕೊನೆಯ ಮಾತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಅಯ್ಯೋ ದೇವುಡಾ! ವಾಸಿ ಆಗುತ್ತಾ ತಾಯಿ?" ಎಂದರು ಅತ್ತೆ.

"ವಾಸಿ ಮಾಡೋ ಮಾತ್ರೆ ಇಲ್ಲ ಅಜ್ಜಿ. ಆಡೋದು, ಕೇಳೋದು, ಬೇಕಾದ್ದು ತಿಳಿಸೋದು, ಎಲ್ಲ ನಿಧಾನವಾಗಿ ಕಲಿಸಬೇಕು. ಬೇಗ ಶುರು ಮಾಡಿದಷ್ಟೂ ಒಳ್ಳೇದು. ಆದ್ರೆ ನಿಮ್ಮ ಸೊಸೆ ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ ಇದು."

ವಾಪಸ್ ಬರುವಾಗ ಬಸ್ಸಿನಲ್ಲಿ ಲಕ್ಷ್ಮೀನರಸಮ್ಮ ಕೈ ಚಾಚಿದರು. "ಕೊಡೇ ಇಲ್ಲಿ ಮಗೂನ. ನೀನು ಸ್ವಲ್ಪ ಕಣ್ಣು ಮುಚ್ಚು."

ಜ್ಯೋತಿ ಕಿಟಕಿಗೆ ತಲೆ ಆನಿಸಿದವಳು ಮಂಡಿಕಲ್ ಬರುವವರೆಗೂ ಎಚ್ಚರಗೊಳ್ಳಲಿಲ್ಲ.

ಅಕ್ಷಯಾಗೆ ಇನ್ನೂ ಮಾತು ಬಂದಿಲ್ಲ. ಮಗುವಿನ ತರಬೇತಿಗೆಂದು ಆಸ್ಪತ್ರೆಗೆ ಹೋಗಿಬಂದು ಜ್ಯೋತಿಗೆ ಸಾಕಾಗುತ್ತದೆ. ಕೆಲವು ದಿನ ಎಲ್ಲ ಹಿಂದಕ್ಕೆ ಹೋದಂತೆಯೂ ಅನಿಸುತ್ತದೆ. ಆದರೆ ಈಗ ಸಂಜೆ ಅಜ್ಜಿ ಆಡಿಸುತ್ತಾರೆ, ರಜೆಯ ದಿನ ಮುನೇಶ್ ನೋಡಿಕೊಳ್ಳುತ್ತಾನೆ.

ಮೊನ್ನೆ ನೆಂಟರ ಮನೆಯ ನಾಮಕರಣದಲ್ಲಿ ಮೈಕ್ ಸದ್ದಿಗೆ ಮಗು ಅತ್ತಾಗ ಒಬ್ಬರು ಮೂಗು ಮುರಿದರು. ಲಕ್ಷ್ಮೀನರಸಮ್ಮ ಎದ್ದು ನಿಂತರು. "ನಮ್ಮ ಮಗೂಗೆ ಆಟಿಸಂ ಐತೆ. ಆ ಮೈಕ್ ಸ್ವಲ್ಪ ತಗ್ಗಿಸ್ರಪ್ಪ. ಅವಳೂ ನಮ್ಮ ಜೊತೆ ಕೂತು ಉಣ್ಲಿ."

ಮೈಕ್ ತಗ್ಗಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮಗು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತನ್ನು ಬಿಟ್ಟರೆ "ದೊಡ್ಡದಾದ ಮೇಲೆ ಸರಿಹೋಗುತ್ತೆ" ಎಂದು ಕಾಯಬೇಡಿ. ಅಂಗನವಾಡಿಯಲ್ಲಿ ಕೇಳಿ, ಆಸ್ಪತ್ರೆಯಲ್ಲಿ ತೋರಿಸಿ. ಬರೆ ಹಾಕಿಸಬೇಡಿ. ಪಕ್ಕದ ಮನೆಯಲ್ಲಿ ಅಂಥ ಮಗುವಿದ್ದರೆ ಆ ತಾಯಿಗೆ ಬುದ್ಧಿ ಹೇಳಲು ಹೋಗಬೇಡಿ. ಒಂದು ಗಳಿಗೆ ಮಗುವನ್ನು ನೋಡಿಕೊಳ್ಳಿ. ಆ ತಾಯಿ ಮಲಗಲಿ.